ಟೂ ಸ್ಟ್ರೋಕ್ ಗಾಡಿ ಸ್ಟಾರ್ಟ್ ಆಗುತ್ತಿಲ್ಲವೇ? ಟ್ಯಾಂಕಿಗೆ ನುಸಿಗುಳಿಗೆ ಹಾಕುವ ಮುನ್ನ ಇದನ್ನು ಓದಿ

ಪೆಟ್ರೋಲ್ ಟ್ಯಾಂಕಿಗೆ ಎರಡು ನುಸಿಗುಳಿಗೆ ಹಾಕಿದರೆ ಹಳೇ ಗಾಡಿಯೂ ಒಂದೇ ಕಿಕ್‌ಗೆ ಸ್ಟಾರ್ಟ್ ಆಗುತ್ತದೆ. ಆಯಿಲ್ ಜಾಸ್ತಿ ಹಾಕಿದಷ್ಟೂ ಎಂಜಿನ್ ಬಾಳಿಕೆ ಬರುತ್ತದೆ. ಏರ್ ಫಿಲ್ಟರ್ ಕಿತ್ತು ಹಾಕಿದರೆ ಪಿಕಪ್ ಹೆಚ್ಚುತ್ತದೆ. ಟೂ ಸ್ಟ್ರೋಕ್ ಗಾಡಿ ಇಟ್ಟುಕೊಂಡವರ ಫೋನಿಗೆ ಇಂಥ ಸಲಹೆಗಳು ಒಂದಲ್ಲ ಒಂದು ದಿನ ಬಂದೇ ಬರುತ್ತವೆ. ಕೆಲವನ್ನು ಊರಿನ ಅನುಭವಸ್ಥರೇ ಹೇಳುತ್ತಾರೆ, ಕೆಲವು ಸಣ್ಣ ವಿಡಿಯೋ ರೂಪದಲ್ಲಿ ಬರುತ್ತವೆ.

ಹೊಸ ಗಾಡಿಗಳೆಲ್ಲ ಫೋರ್ ಸ್ಟ್ರೋಕ್ ಆಗಿರುವಾಗ ಇದನ್ನು ಯಾಕೆ ಬರೆಯಬೇಕು ಎಂದು ಕೇಳಬಹುದು. ನಮ್ಮ ಹಳ್ಳಿ, ಸಣ್ಣ ಪಟ್ಟಣಗಳಲ್ಲಿ 69.9 ಸಿಸಿಯ ಹಳೆಯ ಟಿವಿಎಸ್ ಎಕ್ಸ್‌ಎಲ್ ಮೊಪೆಡ್‌ಗಳು ಇಂದಿಗೂ ಹಾಲಿನ ಕ್ಯಾನು, ಸೊಪ್ಪಿನ ಕಟ್ಟು, ಹುಲ್ಲಿನ ಹೊರೆ ಹೊರುತ್ತಿವೆ. ಯಮಹಾ ಆರ್‌ಎಕ್ಸ್ 100, ಮೈಸೂರಿನಲ್ಲೇ ತಯಾರಾಗುತ್ತಿದ್ದ ಯೆಜ್ಡಿ ಗಾಡಿಗಳನ್ನು ಪ್ರೀತಿಯಿಂದ ಉಳಿಸಿಕೊಂಡವರೂ ಇದ್ದಾರೆ. ಬೆಳಗ್ಗೆ ಡೇರಿಗೆ ಹಾಲು ಹಾಕಬೇಕಾದವರಿಗೆ ಗಾಡಿ ಸ್ಟಾರ್ಟ್ ಆಗದಿದ್ದರೆ ಆ ಹೊತ್ತಿನ ಹಾಲೇ ನಷ್ಟ. ಅಂಥ ಅವಸರದಲ್ಲಿ ಫಾರ್ವರ್ಡ್ ಆದ ಉಪಾಯವನ್ನು ನಂಬಿದರೆ ನೂರು ರೂಪಾಯಿಯಲ್ಲಿ ಮುಗಿಯುವ ಕೆಲಸ ಪಿಸ್ಟನ್ ಬದಲಿಸುವ ಮಟ್ಟಕ್ಕೆ ಹೋಗಬಹುದು.

ಮೊದಲೇ ಹೇಳಿಬಿಡುವುದಾದರೆ, ಗಾಡಿ ಸ್ಟಾರ್ಟ್ ಆಗದಿರುವುದಕ್ಕೆ ಮತ್ತು ನಿಂತಲ್ಲಿ ಸರಿಯಾಗಿ ಓಡದಿರುವುದಕ್ಕೆ ಇರುವ ಕಾರಣಗಳು ಕೆಲವೇ ಕೆಲವು. ಯಾವ ಕಾರಣ ಎಂಬ ಸುಳಿವನ್ನು ಗಾಡಿಯ ಲಕ್ಷಣವೇ ಕೊಡುತ್ತದೆ.

ಟೂ ಸ್ಟ್ರೋಕ್ ಎಂಜಿನ್ ಹೇಗೆ ಬೇರೆ?

ಯಾವುದೇ ಪೆಟ್ರೋಲ್ ಎಂಜಿನ್‌ಗೆ ಮೂರು ಸಂಗತಿಗಳು ಬೇಕು. ಸರಿಯಾದ ಪ್ರಮಾಣದಲ್ಲಿ ಬೆರೆತ ಪೆಟ್ರೋಲ್ ಮತ್ತು ಗಾಳಿ, ಸರಿಯಾದ ಹೊತ್ತಿಗೆ ಕಿಡಿ, ಆ ಮಿಶ್ರಣವನ್ನು ಒತ್ತಿ ಹಿಡಿಯುವ ಕಂಪ್ರೆಷನ್. ಮೂರರಲ್ಲಿ ಒಂದು ತಪ್ಪಿದರೂ ಎಂಜಿನ್ ಓಡುವುದಿಲ್ಲ.

ಫೋರ್ ಸ್ಟ್ರೋಕ್‌ನಲ್ಲಿ ಕ್ರ್ಯಾಂಕ್ ಎರಡು ಸುತ್ತು ತಿರುಗಿದಾಗ ಒಮ್ಮೆ ಕಿಡಿ ಕೆಲಸಕ್ಕೆ ಬರುತ್ತದೆ. ಟೂ ಸ್ಟ್ರೋಕ್‌ನಲ್ಲಿ ಪ್ರತಿ ಸುತ್ತಿಗೂ ಒಮ್ಮೆ. ಇಲ್ಲಿ ಪಿಸ್ಟನ್ ಮೇಲೇರುವಾಗ ತಲೆಯ ಕಡೆ ಮಿಶ್ರಣವನ್ನು ಒತ್ತುತ್ತದೆ, ಅದೇ ಹೊತ್ತಿಗೆ ಬುಡದ ಕ್ರ್ಯಾಂಕ್ ಕೋಣೆಗೆ ಹೊಸ ಮಿಶ್ರಣವನ್ನು ಎಳೆದುಕೊಳ್ಳುತ್ತದೆ. ಕೆಳಗಿಳಿಯುವಾಗ ಬುಡದಲ್ಲಿದ್ದ ಮಿಶ್ರಣ ಪಕ್ಕದ ಕಿಂಡಿಗಳ ಮೂಲಕ ಮೇಲಕ್ಕೆ ಹೋಗಿ, ಸುಟ್ಟ ಹೊಗೆಯನ್ನು ಸೈಲೆನ್ಸರ್ ಕಡೆಗೆ ತಳ್ಳುತ್ತದೆ. ಪೆಟ್ರೋಲ್ ಕ್ರ್ಯಾಂಕ್ ಕೋಣೆಯ ಮೂಲಕವೇ ಹಾದುಹೋಗುವುದರಿಂದ ಅಲ್ಲಿ ಬೇರೆಯಾಗಿ ಆಯಿಲ್ ತುಂಬಿಡಲು ಆಗುವುದಿಲ್ಲ. ಪೆಟ್ರೋಲ್ ಜೊತೆ ಬರುವ ಆಯಿಲೇ ಬೇರಿಂಗ್, ಪಿಸ್ಟನ್, ಸಿಲಿಂಡರ್ ಎಲ್ಲಕ್ಕೂ ಜಿಡ್ಡು ಕೊಡುತ್ತದೆ.

ಇದರಿಂದ ಮೂರು ಮಾತು ನೆನಪಿಡಬೇಕು. ಕ್ರ್ಯಾಂಕ್ ಕೋಣೆಗೆ ಹೊರಗಿನಿಂದ ಗಾಳಿ ನುಸುಳಿದರೆ ಪೆಟ್ರೋಲ್ ಮತ್ತು ಗಾಳಿಯ ಲೆಕ್ಕ ತಪ್ಪುತ್ತದೆ. ಪೆಟ್ರೋಲ್ ಕಡಿಮೆ ಬಂದರೆ ಆಯಿಲ್ ಕೂಡ ಕಡಿಮೆ ಬರುತ್ತದೆ. ಸೈಲೆನ್ಸರ್ ಕಟ್ಟಿಕೊಂಡರೆ ಹೊಸ ಮಿಶ್ರಣ ಒಳಗೆ ಬರಲು ಜಾಗವೇ ಇರುವುದಿಲ್ಲ. ಮುಂದಿನದೆಲ್ಲ ಈ ಮೂರರ ವಿಸ್ತರಣೆ.

ಸ್ಟಾರ್ಟ್ ಆಗದಿದ್ದರೆ: ಯಾವ ಕ್ರಮದಲ್ಲಿ ನೋಡಬೇಕು?

ಖರ್ಚಿಲ್ಲದ್ದನ್ನು ಮೊದಲು ನೋಡಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಪ್ಲಗ್, ಸ್ಕ್ರೂ, ಆಯಿಲ್ ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತು, ಯಾವುದರಿಂದ ಕೆಟ್ಟಿತು ಎಂಬುದೇ ಗೊತ್ತಾಗುವುದಿಲ್ಲ.

1. ಪೆಟ್ರೋಲ್ ಬರುತ್ತಿದೆಯೇ? ಟ್ಯಾಂಕಿನಲ್ಲಿ ಪೆಟ್ರೋಲ್ ಇದೆಯೇ, ಟ್ಯಾಪ್ ತೆರೆದಿದೆಯೇ ನೋಡಿ. ಎಂಜಿನ್ ತಣ್ಣಗಿರುವಾಗ ಕಾರ್ಬೊರೇಟರ್‌ಗೆ ಹೋಗುವ ಪೈಪನ್ನು ಬಿಚ್ಚಿ, ಒಂದು ಬಾಟಲಿಗೆ ಹಿಡಿದು ಟ್ಯಾಪ್ ತೆರೆಯಿರಿ. ಪೆಟ್ರೋಲ್ ಸರಾಗವಾಗಿ ಹರಿಯಬೇಕು. ತೊಟ್ಟಿಕ್ಕಿದರೆ ಟ್ಯಾಪ್‌ನ ಜಾಲರಿಯಲ್ಲಿ ಕಸ ಕಟ್ಟಿದೆ. ಗಾಡಿ ತಿಂಗಳುಗಟ್ಟಲೆ ನಿಂತಿದ್ದರೆ ಹಳೆಯ ಪೆಟ್ರೋಲನ್ನು ತೆಗೆದು ಹೊಸದು ಹಾಕಿ. ಪೆಟ್ರೋಲಿನಲ್ಲಿ ಬೇಗ ಆವಿಯಾಗುವ ಅಂಶವೇ ತಣ್ಣಗಿನ ಎಂಜಿನ್ನನ್ನು ಸ್ಟಾರ್ಟ್ ಮಾಡಿಸುವುದು. ನಿಂತ ಪೆಟ್ರೋಲಿನಲ್ಲಿ ಅದೇ ಮೊದಲು ಹಾರಿಹೋಗಿರುತ್ತದೆ.

2. ಓವರ್‌ಫ್ಲೋ ಆಗಿದೆಯೇ? ಚೋಕ್ ಹಾಕಿ ಹತ್ತಾರು ಕಿಕ್ ಹೊಡೆದ ಮೇಲೆ ಪೆಟ್ರೋಲ್ ವಾಸನೆ ಬರುತ್ತಿದ್ದರೆ ಒಳಗೆ ಪೆಟ್ರೋಲ್ ಹೆಚ್ಚಾಗಿದೆ. ಟ್ಯಾಪ್ ಮುಚ್ಚಿ, ಚೋಕ್ ತೆಗೆದು, ಆಕ್ಸಿಲರೇಟರ್ ಪೂರ್ತಿ ತಿರುಗಿಸಿ ಹಿಡಿದು ಎಂಟು–ಹತ್ತು ಕಿಕ್ ಹೊಡೆಯಿರಿ. ಎಂಜಿನ್ ಹತ್ತಿಕೊಂಡ ತಕ್ಷಣ ಆಕ್ಸಿಲರೇಟರ್ ಬಿಡಿ. ಮೊಪೆಡ್ ಆದರೆ ಸೆಂಟರ್ ಸ್ಟ್ಯಾಂಡ್ ಹಾಕಿಯೇ ಇದನ್ನು ಮಾಡಬೇಕು. ಆಗಲೂ ಆಗದಿದ್ದರೆ ಪ್ಲಗ್ ತೆಗೆದು ಒರೆಸಿ, ಸ್ವಿಚ್ ಆಫ್ ಮಾಡಿ ನಾಲ್ಕಾರು ಸಲ ಕಿಕ್ ಹೊಡೆದರೆ ಒಳಗಿನ ಪೆಟ್ರೋಲ್ ಹೊರಬರುತ್ತದೆ. ಆ ಹೊತ್ತಿಗೆ ಮುಖವನ್ನು ಪ್ಲಗ್ ತೂತಿನ ಹತ್ತಿರ ತರಬೇಡಿ.

3. ಪ್ಲಗ್ ಏನು ಹೇಳುತ್ತದೆ? ತುದಿ ತಿಳಿ ಕಂದು ಬಣ್ಣದಲ್ಲಿದ್ದರೆ ಎಂಜಿನ್ ಒಳಗಿನ ಉರಿ ಸರಿಯಾಗಿದೆ. ಕಪ್ಪಾಗಿ ಒಣ ಮಸಿ ಹಿಡಿದಿದ್ದರೆ ಪೆಟ್ರೋಲ್ ಹೆಚ್ಚು, ಗಾಳಿ ಕಡಿಮೆ. ಕಪ್ಪಾಗಿ ಜಿಡ್ಡುಜಿಡ್ಡಾಗಿದ್ದರೆ ಆಯಿಲ್ ಹೆಚ್ಚು, ಇಲ್ಲವೇ ಕಿಡಿ ದುರ್ಬಲ. ಬಿಳಿಚಿಕೊಂಡಿದ್ದರೆ ಗಾಳಿ ಹೆಚ್ಚಾಗಿ ಎಂಜಿನ್ ಅತಿಯಾಗಿ ಕಾಯುತ್ತಿದೆ. ಹತ್ತಾರು ಕಿಕ್ ಹೊಡೆದರೂ ಪ್ಲಗ್ ಪೂರ್ತಿ ಒಣಗಿದ್ದರೆ ಪೆಟ್ರೋಲ್ ಒಳಗೆ ಹೋಗುತ್ತಲೇ ಇಲ್ಲ. ಎರಡು ತುದಿಗಳ ನಡುವಿನ ಅಂತರ ಬಹಳಷ್ಟು ಸಣ್ಣ ಗಾಡಿಗಳಲ್ಲಿ 0.6ರಿಂದ 0.7 ಮಿಲಿಮೀಟರ್ ಇರುತ್ತದೆ. ನಿಮ್ಮ ಗಾಡಿಯ ಕೈಪಿಡಿಯಲ್ಲಿ ಬೇರೆ ಅಳತೆ ಇದ್ದರೆ ಅದೇ ಸರಿ.

4. ಕಿಡಿ ಇದೆಯೇ? ಇಲ್ಲಿ ಜಾಗ್ರತೆ ಬೇಕು. ಗಾಡಿಯ ಪ್ಲಗ್ಗನ್ನು ಅದರ ಜಾಗದಲ್ಲೇ ಬಿಟ್ಟು, ಇನ್ನೊಂದು ಪ್ಲಗ್ಗನ್ನು ಕ್ಯಾಪ್‌ಗೆ ಸಿಕ್ಕಿಸಿ, ಅದರ ಲೋಹದ ಭಾಗ ಎಂಜಿನ್‌ಗೆ ತಾಗುವಂತಿಟ್ಟು ಕಿಕ್ ಹೊಡೆಯುವುದು ಸುರಕ್ಷಿತ. ಪ್ಲಗ್ ತೂತು ತೆರೆದಿರುವಾಗ ಪಕ್ಕದಲ್ಲೇ ಕಿಡಿ ಹಾರಿಸಿದರೆ ಹೊರಬರುವ ಪೆಟ್ರೋಲ್ ಆವಿಗೆ ಬೆಂಕಿ ತಗಲಬಹುದು. ನೀಲಿ, ಚುರುಕಾದ ಕಿಡಿ ಬಂದರೆ ಸರಿ. ಮಂಕಾಗಿ ಹಳದಿಯಾಗಿದ್ದರೆ ಅಥವಾ ಬರದೇ ಇದ್ದರೆ ಕ್ಯಾಪ್, ವೈರ್, ಸ್ವಿಚ್ ನೋಡಿ. ಮಳೆಗಾಲದಲ್ಲಿ ಕ್ಯಾಪ್ ಒಳಗೆ ನೀರು ಸೇರಿರುತ್ತದೆ, ಒಣ ಬಟ್ಟೆಯಿಂದ ಒರೆಸಿದರೆ ಎಷ್ಟೋ ಸಲ ಅಷ್ಟರಲ್ಲೇ ಕೆಲಸ ಮುಗಿಯುತ್ತದೆ. ಆರ್‌ಎಕ್ಸ್ 100ರಂಥ ಹಳೆಯ ಗಾಡಿಗಳಲ್ಲಿ ಪಾಯಿಂಟ್ ಸವೆದಿರಬಹುದು.

5. ಕಂಪ್ರೆಷನ್ ಇದೆಯೇ? ಕಿಕ್ಕರ್ ತುಳಿದಾಗ ಕಾಲಿಗೆ ತಡೆಯೇ ಸಿಗದೆ ಸಲೀಸಾಗಿ ಇಳಿದರೆ ಪಿಸ್ಟನ್ ರಿಂಗ್ ಅಥವಾ ಸಿಲಿಂಡರ್ ಸವೆದಿರುವ ಸೂಚನೆ. ಪ್ಲಗ್ ಸಡಿಲವಾಗಿದ್ದರೂ ಹೀಗಾಗುತ್ತದೆ, ಅದನ್ನು ಮೊದಲು ಬಿಗಿ ಮಾಡಿ. ರಿಂಗ್ ಸವೆದಿದ್ದರೆ ಮನೆಯಲ್ಲಿ ಮಾಡುವ ಕೆಲಸ ಉಳಿದಿಲ್ಲ, ಮೆಕ್ಯಾನಿಕ್ ಹತ್ತಿರ ಹೋಗಬೇಕು.

ಸ್ಟಾರ್ಟ್ ಆಗುತ್ತದೆ, ಆದರೆ ನಿಲ್ಲುವುದಿಲ್ಲ: ಲಕ್ಷಣ ನೋಡಿ ಕಾರಣ ಹುಡುಕಿ

ಚೋಕ್ ಹಾಕಿದಾಗ ಓಡಿ, ತೆಗೆದ ಕೂಡಲೇ ಆಫ್ ಆಗುತ್ತದೆ: ಕಾರ್ಬೊರೇಟರ್‌ನ ಪೈಲಟ್ ಜೆಟ್ ಕಟ್ಟಿಕೊಂಡಿರುವ ಸಾಧ್ಯತೆ ಹೆಚ್ಚು. ಆಕ್ಸಿಲರೇಟರ್ ಬಿಟ್ಟಿರುವಾಗ ಎಂಜಿನ್‌ಗೆ ಪೆಟ್ರೋಲ್ ಕೊಡುವುದು ಈ ಜೆಟ್. ಅದರ ತೂತು ಅರ್ಧ ಮಿಲಿಮೀಟರ್‌ಗಿಂತಲೂ ಸಣ್ಣದು. ಪೆಟ್ರೋಲ್ ಒಣಗಿ ಉಳಿದ ಅಂಟು ಅದನ್ನು ಮುಚ್ಚಲು ಸಾಕು. ಚೋಕ್ ಹಾಕಿದಾಗ ಗಾಳಿ ಕಡಿಮೆಯಾಗುವುದರಿಂದ ಆ ಕೊರತೆ ತಾತ್ಕಾಲಿಕವಾಗಿ ಮುಚ್ಚಿಹೋಗುತ್ತದೆ. ಜೆಟ್ ಬಿಚ್ಚಿ ಕಾರ್ಬೊರೇಟರ್ ಕ್ಲೀನರ್ ಹಾಕಿ, ಗಾಳಿ ಊದಿಸಿ. ಸೂಜಿ ಅಥವಾ ಕಬ್ಬಿಣದ ತಂತಿ ಚುಚ್ಚಬೇಡಿ. ಹಿತ್ತಾಳೆ ಮೆತ್ತಗಿರುವುದರಿಂದ ತೂತು ದೊಡ್ಡದಾಗುತ್ತದೆ, ಆಮೇಲೆ ಜೆಟ್ಟನ್ನೇ ಬದಲಿಸಬೇಕು.

ಐದು–ಹತ್ತು ನಿಮಿಷ ಓಡಿ ನಿಂತು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಸ್ಟಾರ್ಟ್ ಆಗುತ್ತದೆ: ಟ್ಯಾಂಕಿನ ಮುಚ್ಚಳದಲ್ಲಿರುವ ಗಾಳಿ ತೂತು ನೋಡಿ. ಪೆಟ್ರೋಲ್ ಇಳಿದಷ್ಟು ಗಾಳಿ ಒಳಗೆ ಹೋಗದಿದ್ದರೆ ಪೆಟ್ರೋಲ್ ಹರಿಯುವುದು ನಿಲ್ಲುತ್ತದೆ. ಗಾಡಿ ನಿಂತಾಗ ಮುಚ್ಚಳ ತೆರೆದು ನೋಡಿ. ಗಾಳಿ ಎಳೆದುಕೊಂಡ ಸದ್ದು ಬಂದು, ಆಮೇಲೆ ಗಾಡಿ ಸ್ಟಾರ್ಟ್ ಆದರೆ ಇದೇ ಕಾರಣ. ಮಳೆ ನೀರು ಹೋಗದಿರಲೆಂದು ಮುಚ್ಚಳಕ್ಕೆ ಪ್ಲಾಸ್ಟಿಕ್ ಕವರ್ ಕಟ್ಟಿದರೂ ಹೀಗಾಗುತ್ತದೆ.

ತಣ್ಣಗಿದ್ದಾಗ ಸರಿ, ಬಿಸಿಯಾದ ಮೇಲೆ ಸ್ಟಾರ್ಟ್ ಆಗುವುದಿಲ್ಲ: ಬಿಸಿ ಎಂಜಿನ್‌ಗೆ ಚೋಕ್ ಹಾಕುತ್ತಿದ್ದೀರಾ? ಬೇಡ. ಚೋಕ್ ಇಲ್ಲದೆಯೂ ಆಗದಿದ್ದರೆ ಬಿಸಿಯಿರುವಾಗಲೇ ಕಿಡಿ ಪರೀಕ್ಷೆ ಮಾಡಿ. ಕೆಲವು ಕಾಯಿಲ್‌ಗಳು ಕಾದಾಗ ಮಾತ್ರ ಕೈಕೊಡುತ್ತವೆ.

ಸದ್ದು ಏರುವುದೇ ಇಲ್ಲ, ಹೊಗೆ ಹೆಚ್ಚು, ಏರಿನಲ್ಲಿ ಎಳೆಯುವುದಿಲ್ಲ: ಸೈಲೆನ್ಸರ್ ಒಳಗೆ ಕಾರ್ಬನ್ ಕಟ್ಟಿರಬಹುದು, ಇಲ್ಲವೇ ಏರ್ ಫಿಲ್ಟರ್ ಧೂಳಿನಿಂದ ಮುಚ್ಚಿರಬಹುದು.

ಕಾರ್ಬೊರೇಟರ್ ಕೆಳಗಿನ ಪೈಪ್‌ನಿಂದ ಪೆಟ್ರೋಲ್ ಸೋರುತ್ತದೆ: ಫ್ಲೋಟ್ ಸೂಜಿಯ ಬಳಿ ಕಸ ಸಿಕ್ಕಿದೆ, ಅಥವಾ ಸೂಜಿ ಸವೆದಿದೆ. ಗಾಡಿ ನಿಲ್ಲಿಸಿದಾಗಲೆಲ್ಲ ಟ್ಯಾಪ್ ಮುಚ್ಚಿ.

ಎಲ್ಲಕ್ಕಿಂತ ಅಪಾಯದ ಲಕ್ಷಣ: ತಾನಾಗಿಯೇ ಏರುವ ಸದ್ದು

ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ ಸದ್ದು ಇಳಿಯದೆ ಮೇಲೇರುತ್ತಾ ಹೋದರೆ ನಮ್ಮಲ್ಲಿ ಹೆಚ್ಚಿನವರು ಮಾಡುವುದು ಒಂದೇ: ಐಡಲ್ ಸ್ಕ್ರೂ ತಿರುಗಿಸಿ ಸದ್ದು ಇಳಿಸುವುದು. ಗಾಡಿ ಸರಿಹೋದಂತೆ ಕಾಣುತ್ತದೆ. ಕಾರಣ ಮಾತ್ರ ಒಳಗೇ ಉಳಿಯುತ್ತದೆ.

ಮೊದಲು ಕೇಬಲ್ ನೋಡಿ. ಎಂಜಿನ್ ಓಡುತ್ತಿರುವಾಗ ಹ್ಯಾಂಡಲ್ ಎಡಕ್ಕೆ ಬಲಕ್ಕೆ ತಿರುಗಿಸಿದಾಗ ಸದ್ದು ಬದಲಾದರೆ ಆಕ್ಸಿಲರೇಟರ್ ಕೇಬಲ್ ಬಿಗಿಯಾಗಿದೆ. ಅದು ಸರಿಯಿದ್ದರೆ, ಎಲ್ಲೋ ಒಂದು ಕಡೆ ಗಾಳಿ ನುಸುಳುತ್ತಿದೆ. ಕಾರ್ಬೊರೇಟರ್ ಮತ್ತು ಎಂಜಿನ್ ನಡುವಿನ ರಬ್ಬರ್ ಬಿರುಕು ಬಿಟ್ಟಿರಬಹುದು, ಗ್ಯಾಸ್ಕೆಟ್ ಹೋಗಿರಬಹುದು, ಕ್ರ್ಯಾಂಕ್‌ನ ಆಯಿಲ್ ಸೀಲ್ ಸವೆದಿರಬಹುದು. ಕಾರ್ಬೊರೇಟರ್ ಜೋಡಣೆಯ ಸುತ್ತ ಸ್ವಲ್ಪ ಸೋಪಿನ ನೀರು ಹಚ್ಚಿದಾಗ ಸದ್ದು ಬದಲಾದರೆ ಸೋರಿಕೆ ಅಲ್ಲಿದೆ. ಇದೇ ಪರೀಕ್ಷೆಯನ್ನು ಪೆಟ್ರೋಲ್ ಚಿಮುಕಿಸಿ ಮಾಡುವವರೂ ಇದ್ದಾರೆ. ಕಾದ ಎಂಜಿನ್ ಮೇಲೆ ಪೆಟ್ರೋಲ್ ಹಾಕುವುದು ಬೆಂಕಿಯನ್ನು ಕರೆದಂತೆ.

ಇದನ್ನು ಅಪಾಯ ಎನ್ನಲು ಕಾರಣವಿದೆ. ಗಾಳಿ ಹೆಚ್ಚಾದ ಮಿಶ್ರಣದಿಂದ ಎಂಜಿನ್ ಅತಿಯಾಗಿ ಕಾಯುತ್ತದೆ. ಜೊತೆಗೆ ಪೆಟ್ರೋಲ್ ಕಡಿಮೆಯಾದಷ್ಟು ಆಯಿಲ್ ಕೂಡ ಕಡಿಮೆ. ಕಾದು ಹಿಗ್ಗಿದ ಪಿಸ್ಟನ್ ಸಿಲಿಂಡರ್‌ಗೆ ಕಚ್ಚಿಕೊಳ್ಳುತ್ತದೆ. ಇದನ್ನೇ ಎಂಜಿನ್ ಸೀಜ್ ಆಯಿತು ಎನ್ನುವುದು. ಓಡುತ್ತಿರುವ ಗಾಡಿಯಲ್ಲಿ ಹೀಗಾದರೆ ಹಿಂದಿನ ಚಕ್ರ ಹಠಾತ್ತಾಗಿ ಬಿಗಿದುಕೊಂಡು ಜಾರಬಹುದು.

ಮೊಪೆಡ್‌ನಲ್ಲಿ ಇನ್ನೊಂದು ತೊಂದರೆಯೂ ಇದೆ. ಎಂಜಿನ್ ವೇಗ ಏರಿದಾಗ ತಾನಾಗಿ ಹಿಡಿಯುವ ಕ್ಲಚ್ ಅದರದ್ದು. ಸದ್ದು ಏರಿರುವ ಮೊಪೆಡ್ಡನ್ನು ಸ್ಟ್ಯಾಂಡ್‌ನಿಂದ ಇಳಿಸಿದ ಕೂಡಲೇ ಅದು ಮುಂದಕ್ಕೆ ನುಗ್ಗುತ್ತದೆ. ಹಿಂದೆ ಹಾಲಿನ ಕ್ಯಾನು, ಎದುರಿಗೆ ಮಕ್ಕಳು ಇದ್ದರೆ ಏನಾಗಬಹುದು ಎಂದು ಹೇಳಬೇಕಾಗಿಲ್ಲ.

ಎರಡು ಸ್ಕ್ರೂ, ಎರಡು ಕೆಲಸ

ಇಂಥ ಕಾರ್ಬೊರೇಟರ್‌ನಲ್ಲಿ ಹೊರಗಿನಿಂದ ತಿರುಗಿಸುವ ಎರಡು ಸ್ಕ್ರೂಗಳಿರುತ್ತವೆ. ಒಂದು ಐಡಲ್ ಸ್ಕ್ರೂ, ಅದು ವೇಗವನ್ನು ಏರಿಸುತ್ತದೆ, ಇಳಿಸುತ್ತದೆ. ಇನ್ನೊಂದು ಏರ್ ಸ್ಕ್ರೂ, ಅದು ನಿಂತಲ್ಲಿ ಓಡುವಾಗಿನ ಗಾಳಿಯ ಪ್ರಮಾಣವನ್ನು ನಿರ್ಧರಿಸುತ್ತದೆ. ಏರ್ ಸ್ಕ್ರೂವನ್ನು ಒಳಕ್ಕೆ ತಿರುಗಿಸಿದರೆ ಪೆಟ್ರೋಲ್ ಪಾಲು ಹೆಚ್ಚು, ಹೊರಕ್ಕೆ ತಿರುಗಿಸಿದರೆ ಗಾಳಿಯ ಪಾಲು ಹೆಚ್ಚು.

ಫಿಲ್ಟರ್, ಪ್ಲಗ್, ಜೆಟ್ ಸರಿಯಿವೆ ಎಂದು ಖಚಿತವಾದ ಮೇಲಷ್ಟೇ ಇವನ್ನು ಮುಟ್ಟಿ. ಗಾಡಿಯನ್ನು ಒಂದೆರಡು ಕಿಲೋಮೀಟರ್ ಓಡಿಸಿ ಬಿಸಿ ಮಾಡಿ, ಸೆಂಟರ್ ಸ್ಟ್ಯಾಂಡ್ ಹಾಕಿ. ಐಡಲ್ ಸ್ಕ್ರೂವಿನಿಂದ ಸದ್ದನ್ನು ಸ್ವಲ್ಪ ಏರಿಸಿ. ಏರ್ ಸ್ಕ್ರೂವನ್ನು ಮೆಲ್ಲಗೆ ಪೂರ್ತಿ ಒಳಕ್ಕೆ ತಂದು, ಅಲ್ಲಿಂದ ಒಂದೂವರೆ ಸುತ್ತು ಹೊರಕ್ಕೆ ತಿರುಗಿಸಿ. ಅಲ್ಲಿಂದ ಕಾಲು ಸುತ್ತಿನಂತೆ ಆಚೀಚೆ ಮಾಡಿದಾಗ ಸದ್ದು ಅತಿ ಹೆಚ್ಚಾಗಿ, ಸಮನಾಗಿ ಕೇಳುವ ಜಾಗದಲ್ಲಿ ಬಿಡಿ. ಆಮೇಲೆ ಐಡಲ್ ಸ್ಕ್ರೂವಿನಿಂದ ವೇಗ ಇಳಿಸಿ. ಚಕ್ರ ತಿರುಗಬಾರದು, ಎಂಜಿನ್ ಆಫ್ ಆಗಬಾರದು, ಅಷ್ಟು ಸಾಕು. ಏರ್ ಸ್ಕ್ರೂ ಎಷ್ಟು ತಿರುಗಿಸಿದರೂ ಸದ್ದಿನಲ್ಲಿ ವ್ಯತ್ಯಾಸವೇ ಇಲ್ಲವೆಂದರೆ ಪೈಲಟ್ ಜೆಟ್ ದಾರಿ ಕಟ್ಟಿದೆ ಎಂದೇ ಅರ್ಥ.

ಫಾರ್ವರ್ಡ್ ಮಾತುಗಳಲ್ಲಿ ಎಷ್ಟು ನಿಜ?

ನುಸಿಗುಳಿಗೆ ಹಾಕಿದರೆ ಪವರ್ ಹೆಚ್ಚುತ್ತದೆ: ತಪ್ಪು. ನ್ಯಾಫ್ತಲೀನ್ ಪೆಟ್ರೋಲಿನಲ್ಲಿ ಕರಗುತ್ತದೆ ನಿಜ. ಕಾರ್ಬೊರೇಟರ್‌ನಲ್ಲಿ ಪೆಟ್ರೋಲ್ ಆವಿಯಾದಾಗ ಅದು ಮತ್ತೆ ಹರಳಾಗಿ ಕೂರಬಹುದು. ಅರ್ಧ ಮಿಲಿಮೀಟರ್ ತೂತಿಗೆ ಅಷ್ಟು ಸಾಕು. ಇನ್ನು ಕೆಲವು ನುಸಿಗುಳಿಗೆಗಳಲ್ಲಿ ನ್ಯಾಫ್ತಲೀನ್ ಬದಲು ಕ್ಲೋರಿನ್ ಇರುವ ರಾಸಾಯನಿಕ ಇರುತ್ತದೆ. ಅದು ಉರಿದಾಗ ಲೋಹ ತಿನ್ನುವ ಆಮ್ಲ ಹುಟ್ಟುತ್ತದೆ.

ಆಯಿಲ್ ಜಾಸ್ತಿ ಹಾಕಿದಷ್ಟೂ ಒಳ್ಳೆಯದು: ತಪ್ಪು. ಬಹಳಷ್ಟು ಸಣ್ಣ ಗಾಡಿಗಳಿಗೆ ಲೀಟರ್‌ಗೆ 20 ಮಿಲಿಲೀಟರ್ ಟೂ-ಟಿ ಆಯಿಲ್ ಸಾಕು. ಯೆಜ್ಡಿಯಂಥ ಹಳೆಯ ಗಾಡಿಗಳಿಗೆ ಇದಕ್ಕಿಂತ ಹೆಚ್ಚು ಬೇಕು. ಆರ್‌ಎಕ್ಸ್ 100ರಲ್ಲಿ ಆಯಿಲ್‌ಗೆ ಬೇರೆಯೇ ಡಬ್ಬಿ ಮತ್ತು ಪಂಪ್ ಇದೆ. ಅಳತೆ ಮೀರಿದರೆ ಪ್ಲಗ್ ಜಿಡ್ಡು ಹಿಡಿಯುತ್ತದೆ, ಸೈಲೆನ್ಸರ್ ಕಟ್ಟುತ್ತದೆ. ಅದೇ ಜೆಟ್‌ನಲ್ಲಿ ಆಯಿಲ್ ಹೆಚ್ಚು ಹೋದಷ್ಟು ಪೆಟ್ರೋಲ್ ಕಡಿಮೆ ಹೋಗುತ್ತದೆ ಎಂಬುದನ್ನೂ ಮರೆಯಬಾರದು. ಹಾಗೆಂದು ಅಳತೆಗಿಂತ ಕಡಿಮೆ ಹಾಕಿದರೆ ಎಂಜಿನ್ ಸೀಜ್ ಆಗುವುದು ಖಂಡಿತ.

ಸೀಮೆಎಣ್ಣೆ ಬೆರೆಸಿದರೂ ಓಡುತ್ತದೆ: ಬಿಸಿಯಾದ ಮೇಲೆ ಓಡಬಹುದು. ಆದರೆ ಸೀಮೆಎಣ್ಣೆ ಪೆಟ್ರೋಲಿನಷ್ಟು ಸುಲಭವಾಗಿ ಆವಿಯಾಗುವುದಿಲ್ಲ, ಹಾಗಾಗಿ ಬೆಳಗಿನ ಚಳಿಯಲ್ಲಿ ಗಾಡಿ ಸ್ಟಾರ್ಟ್ ಆಗಲು ಸತಾಯಿಸುತ್ತದೆ. ಕಾರ್ಬನ್ ಕಟ್ಟುತ್ತದೆ, ಎಂಜಿನ್ ಬಡಿದುಕೊಳ್ಳುತ್ತದೆ.

ಏರ್ ಫಿಲ್ಟರ್, ಸೈಲೆನ್ಸರ್ ಒಳಗಿನ ಪೈಪ್ ಕಿತ್ತರೆ ಪಿಕಪ್ ಬರುತ್ತದೆ: ಕಟ್ಟಿಕೊಂಡ ಫಿಲ್ಟರ್ ಕಿತ್ತಾಗ ಗಾಡಿ ಚುರುಕಾದಂತೆ ಕಾಣುತ್ತದೆ. ಅದೇ ಫಿಲ್ಟರ್ ತೊಳೆದು ಹಾಕಿದರೂ ಅಷ್ಟೇ ಚುರುಕಾಗುತ್ತದೆ. ಫಿಲ್ಟರ್ ಇಲ್ಲದೆ ಓಡಿಸಿದರೆ ಧೂಳು ನೇರವಾಗಿ ಪಿಸ್ಟನ್ ಮತ್ತು ಬೇರಿಂಗ್‌ಗೆ ಹೋಗುತ್ತದೆ. ಸೈಲೆನ್ಸರ್ ವಿಷಯವೂ ಹಾಗೆಯೇ. ಟೂ ಸ್ಟ್ರೋಕ್‌ನಲ್ಲಿ ಹೊಗೆಯ ಒತ್ತಡದ ಅಲೆ ಸೈಲೆನ್ಸರ್‌ನಿಂದ ಮರಳಿ ಬಂದು ಹೊಸ ಮಿಶ್ರಣ ಹೊರಗೆ ಹೋಗದಂತೆ ತಡೆಯುತ್ತದೆ. ಒಳಗಿನ ಪೈಪನ್ನು ತೆಗೆದು ಕಾರ್ಬನ್ ಕೆರೆದು, ಮತ್ತೆ ಅಲ್ಲೇ ಹಾಕಬೇಕು.

ಗಾಡಿ ವಾಲಿಸಿದರೆ ಸ್ಟಾರ್ಟ್ ಆಗುತ್ತದೆ: ಬಜಾಜ್ ಚೇತಕ್ ಕಾಲದವರಿಗೆ ಗೊತ್ತಿರುವ ಉಪಾಯ. ಅರ್ಧ ನಿಜ. ವಾಲಿಸಿದಾಗ ಕಾರ್ಬೊರೇಟರ್‌ನ ಫ್ಲೋಟ್ ಜಾಗ ಬದಲಿಸಿ ಹೆಚ್ಚು ಪೆಟ್ರೋಲ್ ಹೋಗಬಹುದು, ಅಂದರೆ ಚೋಕ್ ಹಾಕಿದಂತೆಯೇ. ಮೊದಲೇ ಓವರ್‌ಫ್ಲೋ ಆಗಿದ್ದರೆ ಇದರಿಂದ ಇನ್ನಷ್ಟು ಕೆಡುತ್ತದೆ. ಪ್ರತಿದಿನ ವಾಲಿಸಬೇಕಾದ ಗಾಡಿಗೆ ಬೇರೆ ತೊಂದರೆ ಇದೆ ಎಂದೇ ಅರ್ಥ.

ಎಥನಾಲ್ ಪೆಟ್ರೋಲ್‌ನಿಂದಲೇ ಎಲ್ಲ ತೊಂದರೆ: ಎಲ್ಲವೂ ಅಲ್ಲ, ಆದರೆ ಮಾತಿನಲ್ಲಿ ಹುರುಳಿದೆ. ಶೇ 20ರಷ್ಟು ಎಥನಾಲ್ ಇರುವ ಇ20 ಪೆಟ್ರೋಲ್ 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ಬಿಡುಗಡೆಯಾಯಿತು. ಹಳೆಯ ಟೂ ಸ್ಟ್ರೋಕ್ ಗಾಡಿಗಳನ್ನು ರೂಪಿಸಿದ್ದು ಅದಕ್ಕೂ ಎಷ್ಟೋ ಮೊದಲು. ಎಥನಾಲ್ ಹಳೆಯ ರಬ್ಬರ್ ಭಾಗಗಳನ್ನು ಉಬ್ಬಿಸಬಹುದು, ಮಿಶ್ರಣದಲ್ಲಿ ಗಾಳಿಯ ಪಾಲನ್ನು ತುಸು ಹೆಚ್ಚಿಸುತ್ತದೆ. ತೇವ ಹೀರುತ್ತದೆ, ನೀರು ಹೆಚ್ಚಾದರೆ ನೀರು ಮತ್ತು ಎಥನಾಲ್ ಬೇರೆಯಾಗಿ ಟ್ಯಾಂಕಿನ ತಳಕ್ಕೆ ಇಳಿಯುತ್ತವೆ, ಆಯಿಲ್ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ. ಟ್ಯಾಪ್ ಮೊದಲು ಎಳೆಯುವುದು ತಳದ್ದನ್ನೇ. ಗಾಡಿಯನ್ನು ವಾರಗಟ್ಟಲೆ ನಿಲ್ಲಿಸುವಾಗ ಟ್ಯಾಪ್ ಮುಚ್ಚಿ ಕಾರ್ಬೊರೇಟರ್ ಖಾಲಿಯಾಗುವವರೆಗೆ ಓಡಿಸಿ, ರಬ್ಬರ್ ಪೈಪನ್ನು ಆಗಾಗ ಬದಲಿಸಿ.

ಗಾಡಿಗಿಂತ ನೀವು ಮುಖ್ಯ

ಟ್ಯಾಂಕಿನಿಂದ ಪೆಟ್ರೋಲ್ ತೆಗೆಯಲು ಪೈಪ್ ಹಾಕಿ ಬಾಯಲ್ಲಿ ಎಳೆಯಬೇಡಿ. ಒಂದು ಗುಟುಕು ಶ್ವಾಸಕೋಶಕ್ಕೆ ಹೋದರೂ ತೀವ್ರ ನ್ಯುಮೋನಿಯಾ ಬರಬಹುದು. ಯಾರಾದರೂ ಹೀಗೆ ಪೆಟ್ರೋಲ್ ನುಂಗಿದ್ದರೆ ವಾಂತಿ ಮಾಡಿಸಬೇಡಿ, ವಾಂತಿಯಲ್ಲಿ ಅದು ಶ್ವಾಸಕೋಶಕ್ಕೆ ಇಳಿಯುವ ಅಪಾಯ ಹೆಚ್ಚು. ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.

ಟ್ಯಾಂಕಿನಲ್ಲಿ ಪೆಟ್ರೋಲ್ ಎಷ್ಟಿದೆ ಎಂದು ಕಡ್ಡಿ ಗೀರಿ ನೋಡಬೇಡಿ. ಬೀಡಿ, ಸಿಗರೇಟು ದೂರವಿರಲಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ನೆಲದ ಮೇಲೆಯೇ ಹರಡಿ ದೂರದ ಬೆಂಕಿಯನ್ನೂ ತಲುಪುತ್ತದೆ. ಬಾಗಿಲು ಮುಚ್ಚಿದ ಕೋಣೆ, ಕೊಟ್ಟಿಗೆಯಲ್ಲಿ ಎಂಜಿನ್ ಓಡಿಸಿ ಟ್ಯೂನ್ ಮಾಡಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ, ಗೊತ್ತಾಗುವಷ್ಟರಲ್ಲಿ ಪ್ರಜ್ಞೆ ತಪ್ಪಿರುತ್ತದೆ.

ಹಂಚಿಕೊಳ್ಳುವುದಾದರೆ ಇಷ್ಟನ್ನು ಹಂಚಿಕೊಳ್ಳಿ

• ಪೆಟ್ರೋಲ್, ಪ್ಲಗ್, ಕಿಡಿ, ಕಂಪ್ರೆಷನ್: ಇದೇ ಕ್ರಮದಲ್ಲಿ ನೋಡಿ, ಒಂದು ಸಲಕ್ಕೆ ಒಂದನ್ನೇ ಬದಲಿಸಿ.
• ಚೋಕ್ ಇದ್ದರಷ್ಟೇ ಓಡಿದರೆ ಪೈಲಟ್ ಜೆಟ್ ಸ್ವಚ್ಛಗೊಳಿಸಿ.
• ಸ್ವಲ್ಪ ದೂರ ಓಡಿ ನಿಂತರೆ ಟ್ಯಾಂಕ್ ಮುಚ್ಚಳದ ಗಾಳಿ ತೂತು ನೋಡಿ.
• ಸದ್ದು ತಾನಾಗಿಯೇ ಏರಿದರೆ ಸ್ಕ್ರೂ ತಿರುಗಿಸಿ ಸುಮ್ಮನಾಗಬೇಡಿ. ಕಾರಣ ಸಿಗುವವರೆಗೆ ಆ ಗಾಡಿ ಓಡಿಸಬೇಡಿ.
• ಟೂ-ಟಿ ಆಯಿಲ್ ಕೈಪಿಡಿ ಹೇಳಿದಷ್ಟೇ ಹಾಕಿ. ನುಸಿಗುಳಿಗೆ, ಸೀಮೆಎಣ್ಣೆ ಬೇಡ.
• ಪೆಟ್ರೋಲನ್ನು ಬಾಯಲ್ಲಿ ಎಳೆಯಬೇಡಿ.